ಹಳೇ ಮನೆ, ಹೊಸ ಮೆನು: ಗೋವಾದ ಹಳ್ಳಿಗೆ ದುಬಾರಿ ಹೋಟೆಲ್ ಬಂದದ್ದು ಹೇಗೆ

ಗೋವಾದ ಶಿವೋಲಿಯಲ್ಲಿ ‘ಹೊಸ’ ಎಂಬ ಹೆಸರಿನ ರೆಸ್ಟೋರೆಂಟ್ ಇದೆ. ಹೌದು, ನಮ್ಮ ಕನ್ನಡದ ‘ಹೊಸ’ವೇ. ದಕ್ಷಿಣ ಭಾರತದ ಅಡುಗೆಯನ್ನು ಹೊಸ ಥರ ಬಡಿಸುವ ಜಾಗ ಅದು. ನಡೆಸುವವರು ದೆಹಲಿಯಲ್ಲಿ ‘ಇಂಡಿಯನ್ ಆಕ್ಸೆಂಟ್’ ಎಂಬ ರೆಸ್ಟೋರೆಂಟ್ ನಡೆಸುವ ಬಳಗದವರು. ಇರುವುದು ಒಂದು ಹಳೇ ಗೋವನ್ ಮನೆಯಲ್ಲಿ. ಹೆಸರು ಕನ್ನಡದ್ದು, ಬಂಡವಾಳ ದೆಹಲಿಯದ್ದು, ಸೂರು ಗೋವಾದ್ದು.

ನಾನು ಕಾರವಾರದವಳು. ಮಾಜಾಳಿ ದಾಟಿದರೆ ಗೋವಾ. ಚಿಕ್ಕವಳಿದ್ದಾಗ ನಮಗೆ ಗೋವಾ ಅಂದರೆ ಮಡಗಾಂವ್ ಮಾರ್ಕೆಟ್ಟು, ಹಳೇ ಗೋವಾದ ಚರ್ಚು, ನೆಂಟರ ಮನೆ. ಇವತ್ತು ಬೆಂಗಳೂರಿನ ಗೆಳತಿಯರು ಫೋನ್ ಮಾಡಿ ಕೇಳುವುದು ಬೇರೆಯೇ ಊರುಗಳ ಹೆಸರು. ಆಸಗಾಂವ್, ಶಿವೋಲಿ, ಮೊಯ್ರಾ, ಆಲ್ದೊನಾ. ಇವು ಯಾವುವೂ ಬೀಚ್‌ಗಳಲ್ಲ. ಬಾರ್ದೇಶ್ ತಾಲೂಕಿನ ಒಳಗಿನ ಹಳ್ಳಿಗಳು. ಆಸಗಾಂವ್‌ಗೆ ‘ಹೂವಿನ ಊರು’ ಅಂತ ಇನ್ನೊಂದು ಹೆಸರು. ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಬೇಕಾದ ರಸ್ತೆಗಳು. ಅಂಥ ರಸ್ತೆಯಲ್ಲೇ ಈಗ ಒಂದರ ಪಕ್ಕ ಒಂದು ಡಿಸೈನರ್ ಬಟ್ಟೆ ಅಂಗಡಿ, ಕಾಫಿ ಶಾಪು, ಜಪಾನಿ ಊಟ, ಇಟಲಿಯ ಊಟ, ಕಾಕ್‌ಟೇಲ್ ಬಾರು.

ಸಮುದ್ರದಿಂದ ನಾಲ್ಕೈದು ಕಿಲೋಮೀಟರ್ ದೂರದ, ಫುಟ್‌ಪಾತ್ ಕೂಡ ಇಲ್ಲದ ಹಳ್ಳಿಗೆ ಇಷ್ಟು ದುಡ್ಡು ಯಾಕೆ ಬಂತು? ‘ಟೂರಿಸಂ ಜಾಸ್ತಿ ಆಯ್ತು’ ಅಂತ ಸುಮ್ನೆ ಹೇಳಿಬಿಡಬಹುದು. ಅದರಿಂದ ಏನೂ ಅರ್ಥವಾಗುವುದಿಲ್ಲ. ಟೂರಿಸ್ಟರು ಐವತ್ತು ವರ್ಷದಿಂದ ಬರುತ್ತಿದ್ದಾರೆ. ಆಸಗಾಂವ್ ಬದಲಾದದ್ದು ಮೊನ್ನೆ ಮೊನ್ನೆ.

ಕಡಲು ಬಿಟ್ಟು ಹಳ್ಳಿಗೆ

ಮೊದಲ ಕಾರಣ ಕಾನೂನು. ಕರಾವಳಿಯವರಿಗೆಲ್ಲ ಸಿಆರ್‌ಝಡ್ ಗೊತ್ತು. ಸಮುದ್ರದ ಪಕ್ಕ ಏನು ಕಟ್ಟಬಹುದು, ಏನು ಕಟ್ಟಬಾರದು ಎನ್ನುವ ಕೇಂದ್ರದ ನಿಯಮ. 1991ರಲ್ಲಿ ಬಂತು, 2011ರಲ್ಲಿ ಹೊಸದಾಗಿ ಬಂತು, 2019ರಲ್ಲಿ ಮತ್ತೆ ಬದಲಾಯಿತು. 2011ರ ನಿಯಮದ ಪ್ರಕಾರ ಹಳ್ಳಿ ಕಡೆಯ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಏಳುವಂತಿಲ್ಲ. 200ರಿಂದ 500 ಮೀಟರ್ ತನಕವೂ ಬಿಗಿ ಷರತ್ತುಗಳು. ಹಾಗಾಗಿ ಮರಳಿನ ಮೇಲೆ ಇರುವುದು ಶ್ಯಾಕ್‌ಗಳು. ಬಿದಿರು, ಮರ, ಗರಿಯ ಗುಡಿಸಲು. ಲೈಸೆನ್ಸ್‌ಗೆ ಚೀಟಿ ಎತ್ತುತ್ತಾರೆ. ಮಳೆಗಾಲಕ್ಕೆ ಮುಂಚೆ ಬಿಚ್ಚಿ ತೆಗೆಯಬೇಕು.

ಕೋಟಿಗಟ್ಟಲೆ ಸುರಿದು, ಅಡುಗೆಮನೆ ಕಟ್ಟಿಸಿ, ಹೆಸರು ಮಾಡಬೇಕು ಅನ್ನುವವನಿಗೆ ಪ್ರತಿ ಮೇ ತಿಂಗಳು ಬಿಚ್ಚುವ ಗುಡಿಸಲು ಆಗಿಬರುವುದಿಲ್ಲ. ಅವನಿಗೆ ಪಕ್ಕಾ ಕಟ್ಟಡ ಬೇಕು. ಅದೂ ಈಗಾಗಲೇ ಕಟ್ಟಿದ್ದು, ನೋಡಲು ಚೆಂದ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಬಾರ್ದೇಶ್‌ನ ಒಳಹಳ್ಳಿಗಳಲ್ಲಿ ಅಂಥ ಮನೆಗಳು ಸಾಲಾಗಿ ಬೀಗ ಹಾಕಿ ನಿಂತಿದ್ದವು.

ಅವು ಯಾಕೆ ಬೀಗ ಹಾಕಿ ನಿಂತಿದ್ದವು ಅನ್ನುವುದೇ ಈ ಕಥೆಯ ಕೀಲಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಳೇ ಗೋವನ್ ಮನೆ ನೋಡಿದ್ದೀರಲ್ವಾ? ಎದುರಿಗೆ ಬಲ್ಕಾವ್. ಅಂದರೆ ಎರಡು ಬದಿ ಕಲ್ಲಿನ ಬೆಂಚು ಇರುವ ಜಗಲಿ. ಸಂಜೆ ಕೂತು ದಾರಿಹೋಕರ ಜೊತೆ ಮಾತಾಡುವ ಜಾಗ. ಕಿಟಕಿಗೆ ಗಾಜಿನ ಬದಲು ತೆಳ್ಳಗೆ ಉಜ್ಜಿದ ಚಿಪ್ಪು. ಬೆಳಕು ಹಾಲಿನ ಬಣ್ಣಕ್ಕೆ ತಿರುಗಿ ಒಳಗೆ ಬರುತ್ತದೆ. ಗೋಡೆ ಕೆಂಪು ಮುರಕಲ್ಲಿನದು, ಮೇಲೆ ಗಾರೆ. ಮಾಡಿಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ಇಡೀ ಪಶ್ಚಿಮ ಕರಾವಳಿಯ ಮಾಡು ಹತ್ತಿತು. ‘ಪೋರ್ಚುಗೀಸ್ ಮನೆ’ ಅಂತ ಜಾಹೀರಾತಿನಲ್ಲಿ ಬರೆಯುವ ಮನೆಯ ತಲೆ ಮೇಲೆ ನಮ್ಮ ಕರಾವಳಿಯ ಮಣ್ಣಿದೆ.

ಈ ಮನೆಗಳ ಒಡೆತನ ಮಾತ್ರ ನಮ್ಮ ಕಡೆಗಿಂತ ಬೇರೆ ಥರ. ಗೋವಾ 1961ರ ಡಿಸೆಂಬರ್ 19ಕ್ಕೆ ಭಾರತಕ್ಕೆ ಸೇರಿತು. ಆದರೆ 1867ರ ಪೋರ್ಚುಗೀಸ್ ಸಿವಿಲ್ ಕೋಡಿನ ಕುಟುಂಬ ಕಾನೂನು ಅಲ್ಲೇ ಉಳಿಯಿತು. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಗಂಡ ಹೆಂಡತಿಯ ಆಸ್ತಿ ಇಬ್ಬರದೂ ಸಮ. ಮಕ್ಕಳಲ್ಲಿ ಗಂಡು ಹೆಣ್ಣು ಭೇದವಿಲ್ಲ. ಅರ್ಧ ಆಸ್ತಿ ಮಕ್ಕಳಿಗೆ ಮೀಸಲು, ಉಯಿಲು ಬರೆದು ತಪ್ಪಿಸಲು ಬರುವುದಿಲ್ಲ. ಹೆಣ್ಣುಮಕ್ಕಳ ಮಟ್ಟಿಗೆ ಎಷ್ಟು ಒಳ್ಳೆಯ ಕಾನೂನು! ನಮ್ಮ ಕಡೆ ಹಿಂದೂ ಕೂಡುಕುಟುಂಬದ ಆಸ್ತಿಯಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಸಮಪಾಲು ಸಿಗಲು 2005ರ ತನಕ ಕಾಯಬೇಕಾಯಿತು.

ಆದರೆ ಮನೆಯ ಗತಿ ನೋಡಿ. ಒಂದು ಲೆಕ್ಕ ಹಾಕೋಣ. ಅಜ್ಜನಿಗೆ ಐದು ಮಕ್ಕಳು. ಒಬ್ಬೊಬ್ಬರಿಗೆ ಮೂರು. ಹದಿನೈದು ಮೊಮ್ಮಕ್ಕಳು, ಎಲ್ಲರಿಗೂ ಮದುವೆಯಾದರೆ ಮೂವತ್ತು ಸಹಿ. ಒಬ್ಬರು ಪಣಜಿಯಲ್ಲಿ, ಇಬ್ಬರು ಮುಂಬೈಯಲ್ಲಿ, ಒಬ್ಬರು ದುಬೈಯಲ್ಲಿ. 1961ಕ್ಕೆ ಮುಂಚೆ ಗೋವಾದಲ್ಲಿ ಹುಟ್ಟಿದವರ ವಂಶದವರಿಗೆ ಪೋರ್ಚುಗಲ್ ಪೌರತ್ವ ಸಿಗುವ ದಾರಿ ಇದೆ. ಆ ದಾರಿಯಲ್ಲಿ ಹೋದವರು ಲಿಸ್ಬನ್‌ನಲ್ಲಿ, ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ. ಇವರೆಲ್ಲ ಒಪ್ಪಿದರೆ ಮಾತ್ರ ಮಾರಾಟ. ಯಾರೂ ಇಲ್ಲದ ಮನೆಗೆ ಪ್ರತಿವರ್ಷ ಹೆಂಚು ಸರಿಸುವವರು ಯಾರು? ಕರಾವಳಿ ಮಳೆಗೆ ಒಂದು ಹೆಂಚು ಜಾರಿದರೆ ಸಾಕು. ನೀರು ಹೆಂಚಿನ ಕೆಳಗಿನ ಮರದ ಪಕಾಸಿಗೆ ಇಳಿಯುತ್ತದೆ, ಗೆದ್ದಲು ಹಿಡಿಯುತ್ತದೆ, ನಾಲ್ಕೈದು ಮಳೆಗಾಲದಲ್ಲಿ ಮಾಡು ಕುಸಿಯುತ್ತದೆ.

ಇಂಥ ಹೊತ್ತಿಗೆ ಒಬ್ಬ ಬಂದು ಹೇಳುತ್ತಾನೆ: ಮಾರಬೇಡಿ, ಹತ್ತು ವರ್ಷಕ್ಕೆ ಲೀಸ್ ಕೊಡಿ, ರಿಪೇರಿ ನಂದು, ಬಾಡಿಗೆ ತಿಂಗಳು ತಿಂಗಳು ಬ್ಯಾಂಕಿಗೆ. ಮನೆ ತಮ್ಮ ಹೆಸರಿನಲ್ಲೇ ಉಳಿಯುತ್ತದೆ, ದುಡ್ಡೂ ಬರುತ್ತದೆ. ಬೇಡ ಅನ್ನುವವರು ಯಾರು? ಬಿದ್ದೇ ಹೋಗುತ್ತಿದ್ದ ಎಷ್ಟೋ ಮನೆಗಳು ರೆಸ್ಟೋರೆಂಟ್ ಆಗಿದ್ದಕ್ಕೇ ಇವತ್ತು ನಿಂತಿವೆ. ಈ ಬೆಳವಣಿಗೆಯನ್ನು ಬೈಯುವ ಮುಂಚೆ ಇದನ್ನು ಒಪ್ಪಿಕೊಳ್ಳಬೇಕು ಅಂತ ನನ್ನ ಅನಿಸಿಕೆ.

ಗಿರಾಕಿ ಬದಲಾದ

ಮನೆ ಸಿಕ್ಕಿತು. ಸಾವಿರಾರು ರೂಪಾಯಿ ಕೊಟ್ಟು ಉಣ್ಣುವವರು ಎಲ್ಲಿಂದ ಬಂದರು?

ಗೋವಾದ ಹಳೇ ಗಿರಾಕಿ ಹಿಪ್ಪಿ. 60, 70ರ ದಶಕದಲ್ಲಿ ಅಂಜುನಾ ಕಡೆ ಬಂದವರು. ಖರ್ಚಿಗೆ ಕಾಸಿಲ್ಲದಾಗ ತಮ್ಮ ಸಾಮಾನು ಮಾರಿಕೊಳ್ಳಲು ಶುರು ಮಾಡಿದ ಸಂತೆಯೇ ಮುಂದೆ ಅಂಜುನಾದ ಬುಧವಾರದ ಫ್ಲೀ ಮಾರ್ಕೆಟ್ ಆಯಿತು. ಆಮೇಲೆ ಬಂದದ್ದು ಚಾರ್ಟರ್ ವಿಮಾನ. ಬ್ರಿಟನ್, ರಷ್ಯಾದಿಂದ ಎರಡು ವಾರದ ಪ್ಯಾಕೇಜು. ಇವರು ಮಧ್ಯಮ ವರ್ಗದವರು, ಲೆಕ್ಕ ಹಾಕಿ ಖರ್ಚು ಮಾಡುವವರು. ಶ್ಯಾಕ್‌ನಲ್ಲಿ ಬಿಯರ್, ಫ್ರೈಡ್ ಫಿಶ್. ಅಷ್ಟೇ.

2019ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ ಮುಳುಗಿತು. ಅದರ ಚಾರ್ಟರ್ ನಿಂತಿತು. ಆರು ತಿಂಗಳಲ್ಲಿ ಕೋವಿಡ್ ಬಂತು. ವಿದೇಶಿ ಗಿರಾಕಿ ಪೂರಾ ತಿರುಗಿ ಬರಲೇ ಇಲ್ಲ. ಸರ್ಕಾರದ ಲೆಕ್ಕದಲ್ಲಿ 2019ಕ್ಕೆ ಸುಮಾರು 9.37 ಲಕ್ಷ ವಿದೇಶಿಯರು ಬಂದಿದ್ದರು. 2024ಕ್ಕೆ ಸುಮಾರು 4.67 ಲಕ್ಷ. ಅರ್ಧಕ್ಕರ್ಧ. ಅದೇ ಹೊತ್ತಿಗೆ ನಮ್ಮ ದೇಶದವರ ಸಂಖ್ಯೆ 71 ಲಕ್ಷದಿಂದ 99 ಲಕ್ಷಕ್ಕೆ ಏರಿತು. 2011ರ ಜನಗಣತಿಯಲ್ಲಿ ಇಡೀ ಗೋವಾದ ಜನಸಂಖ್ಯೆ 14.58 ಲಕ್ಷ. ಈ ಎರಡು ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ.

ಕೋವಿಡ್ ಹೊತ್ತಲ್ಲಿ ಇನ್ನೊಂದು ಆಯಿತು. ದೆಹಲಿ, ಮುಂಬೈ, ಬೆಂಗಳೂರಿನ ಅನುಕೂಲಸ್ಥರು ಲ್ಯಾಪ್‌ಟಾಪ್ ಹಿಡಿದು ತಿಂಗಳುಗಟ್ಟಲೆ ಉಳಿಯಲು ಬಂದರು. ಕೆಲವರು ಮನೆ ತೆಗೆದುಕೊಂಡರು. ಇವರು ಟೂರಿಸ್ಟರಲ್ಲ, ಊರವರೂ ಅಲ್ಲ. ಬೀಚ್‌ನಲ್ಲಿ ಮಲಗುವುದು ಇವರಿಗೆ ಬೇಡ. ವಾರಕ್ಕೆ ಮೂರು ಸಲ ಒಳ್ಳೆಯ ಕಡೆ ಊಟ ಮಾಡಬೇಕು, ಒಳ್ಳೆ ಬ್ರೆಡ್ ಬೇಕು, ಲಿನನ್ ಅಂಗಿ ಬೇಕು, ಮನೆಗೆ ದೀಪ, ಕುರ್ಚಿ ಬೇಕು. ದುಬಾರಿ ಅಂಗಡಿಗೆ ಇಂಥ ಗಿರಾಕಿಯೇ ಬೇಕು. ಬಂದು ಹೋಗುವವನು ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್ ಕೊಳ್ಳುತ್ತಾನೆ. ಉಳಿಯುವವನು ಸೋಫಾ ಕೊಳ್ಳುತ್ತಾನೆ.

ದಾರಿಯೂ ಸುಲಭವಾಯಿತು. 2019ರ ಜನವರಿಯಲ್ಲಿ ಮಾಂಡವಿ ಮೇಲೆ ಮೂರನೇ ಸೇತುವೆ ಅಟಲ್ ಸೇತು ತೆರೆಯಿತು. 2023ರ ಜನವರಿಯಲ್ಲಿ ಉತ್ತರದ ಪೆಡ್ಣೆ ತಾಲೂಕಿನ ಮೋಪಾದಲ್ಲಿ ಹೊಸ ವಿಮಾನ ನಿಲ್ದಾಣದಿಂದ ಹಾರಾಟ ಶುರುವಾಯಿತು. ಅದಕ್ಕೆ ಮುಂಚೆ ವಿಮಾನದಲ್ಲಿ ಬಂದವರೆಲ್ಲ ಹಳೇ ನಿಲ್ದಾಣ ದಾಬೋಳಿಯಲ್ಲಿ ಇಳಿದು, ಪಣಜಿ ದಾಟಿ ಬರಬೇಕಿತ್ತು. ಈಗ ಬೆಂಗಳೂರಿನಿಂದ ಬೆಳಿಗ್ಗೆ ಹೊರಟವರು ಶಿವೋಲಿಯಲ್ಲಿ ಮಧ್ಯಾಹ್ನದ ಊಟ ಮಾಡಬಹುದು.

ಇನ್ನೊಂದು ಮಾತು. ಗೋವಾದ ಇನ್ನೊಂದು ದೊಡ್ಡ ಧಂದೆ ಕಬ್ಬಿಣದ ಅದಿರು ಆಗಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತು, 2018ರಲ್ಲಿ 88 ಗಣಿ ಲೀಸ್‌ಗಳ ನವೀಕರಣ ರದ್ದು ಮಾಡಿತು. ರಾಜ್ಯದ ಖಜಾನೆ ಟೂರಿಸಂ ಕಡೆ ಇನ್ನಷ್ಟು ವಾಲಿತು.

ಸಾವಿರ ರೂಪಾಯಿಯ ಬಿಲ್ಲು

ನೀವು ಸಾವಿರ ರೂಪಾಯಿ ಬಿಲ್ ಕೊಟ್ಟಿರಿ ಅಂತಿಟ್ಟುಕೊಳ್ಳಿ. ಹೋಟೆಲ್ ಧಂದೆಯ ಸಾಮಾನ್ಯ ಲೆಕ್ಕದಲ್ಲಿ ತಟ್ಟೆಗೆ ಬಂದ ಸಾಮಾನಿನ ಬೆಲೆ ಅದರಲ್ಲಿ ಮೂರನೇ ಒಂದು ಭಾಗ ಮೀರಬಾರದು. ಉಳಿದದ್ದು ಸಂಬಳ, ಬಾಡಿಗೆ, ಕರೆಂಟು, ಹಾಳಾದ ಮೀನು, ಒಡೆದ ಗ್ಲಾಸು. ಬೆಂಗಳೂರಿನ ಇಂದಿರಾನಗರದಲ್ಲೂ ಇದೇ ಲೆಕ್ಕ. ಗೋವಾದಲ್ಲಿ ಇದಕ್ಕೆ ಋತುವಿನ ಹೊರೆ ಸೇರುತ್ತದೆ. ಅಕ್ಟೋಬರ್‌ನಿಂದ ಮಾರ್ಚ್ ತನಕ ಸೀಸನ್. ಆರು ತಿಂಗಳ ಗಳಿಕೆಯಲ್ಲಿ ಹನ್ನೆರಡು ತಿಂಗಳ ಬಾಡಿಗೆ ಹುಟ್ಟಬೇಕು. ಅದಕ್ಕೇ ಡಿಸೆಂಬರ್‌ನಲ್ಲಿ ತಟ್ಟೆಯ ಬೆಲೆ ನೋಡಿ ಎದೆ ಧಸಕ್ಕೆನ್ನುವುದು.

ಲಾಭ ಹೆಚ್ಚು ಇರುವುದು ಗ್ಲಾಸಿನಲ್ಲಿ. ಗೋವಾದಲ್ಲಿ ಅಬಕಾರಿ ಸುಂಕ ನಮ್ಮ ರಾಜ್ಯಕ್ಕಿಂತ ಕಡಿಮೆ. ಕಡಿಮೆ ಬೆಲೆಗೆ ಬಂದ ಮದ್ಯಕ್ಕೆ ಮಾವು, ಕೋಕಂ, ಉಪ್ಪು ಸೇರಿಸಿ ಒಳ್ಳೆಯ ಕಾಕ್‌ಟೇಲ್ ಮಾಡಿದರೆ ಬೆಲೆ ಐದಾರು ಪಟ್ಟು ಏರುತ್ತದೆ. ಕೋಲ್ವಾ ಕಡೆಯ ‘ತೆಝೋರೋ’ ಬಾರು 2022ರಲ್ಲಿ ಏಷ್ಯಾದ 50 ಉತ್ತಮ ಬಾರುಗಳ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. ಹಳ್ಳಿಯ ತಾವೆರ್ನಾದಲ್ಲಿ, ಅಂದರೆ ಸಣ್ಣ ಸಾರಾಯಿ ಅಂಗಡಿಯಲ್ಲಿ, ನಿಂತು ಕುಡಿಯುತ್ತಿದ್ದ ಗೇರು ಫೆನಿಗೆ 2009ರಲ್ಲಿ ಜಿಐ ಗುರುತು ಸಿಕ್ಕಿತ್ತು. ಇದು ಈ ಊರಿನದೇ ಸರಕು ಅಂತ ಹೇಳುವ ಸರ್ಕಾರಿ ಮುದ್ರೆ ಅದು. ಈಗ ಅದು ಐಸಿನ ದೊಡ್ಡ ತುಂಡಿನ ಜೊತೆ ಬರುತ್ತದೆ. ಇದರಲ್ಲಿ ನಮ್ಮವರ ಪಾಲೂ ಇದೆ. ‘ಪಾಲ್ ಜಾನ್’ ಸಿಂಗಲ್ ಮಾಲ್ಟ್ ವಿಸ್ಕಿ ಮಾಡುವ ಕಂಪನಿ ಬೆಂಗಳೂರಿನದು, ಭಟ್ಟಿ ದಕ್ಷಿಣ ಗೋವಾದ ಕುಂಕೊಳ್ಳಿಯಲ್ಲಿ.

ಅಂಗಡಿಗಳು ಯಾಕೆ ರೆಸ್ಟೋರೆಂಟಿಗೆ ಅಂಟಿಕೊಂಡೇ ಬರುತ್ತವೆ ಅನ್ನುವುದಕ್ಕೆ ಆಸಗಾಂವ್‌ನ ‘ಗನ್‌ಪೌಡರ್’ ಒಳ್ಳೆಯ ಉದಾಹರಣೆ. ದೆಹಲಿಯ ಹೌಜ್ ಖಾಸ್ ವಿಲೇಜ್‌ನಲ್ಲಿ ಶುರುವಾಗಿ ಇಲ್ಲಿಗೆ ಬಂದ, ದಕ್ಷಿಣದ ಅಡುಗೆಯ ಜಾಗ ಅದು. ಅದೇ ಕಾಂಪೌಂಡಿನಲ್ಲಿ ‘ಪೀಪಲ್ ಟ್ರೀ’ ಎಂಬ ಬಟ್ಟೆ, ಪುಸ್ತಕ, ಕರಕುಶಲ ವಸ್ತುಗಳ ಅಂಗಡಿ. ಟೇಬಲ್ ಖಾಲಿಯಾಗಲು ಅರ್ಧ ಗಂಟೆ ಕಾಯಬೇಕು. ಆ ಅರ್ಧ ಗಂಟೆಯಲ್ಲಿ ಕೈ ಸುಮ್ನೆ ಇರುತ್ತಾ? ಹಳ್ಳಿಯಲ್ಲಿ ನಡೆದು ಬರುವ ಗಿರಾಕಿ ಇಲ್ಲ. ಊಟಕ್ಕೆ ಅಂತ ಬಂದವರೇ ಅಂಗಡಿಗೂ ಗಿರಾಕಿ.

ಬಟ್ಟೆಯ ಮಾತು ಬಂತಲ್ಲ, ಒಂದು ಸೀರೆಯ ವಿಷಯ ಹೇಳಬೇಕು. ಗೋವಾದ ಗಾವಡಾ, ಕುಣಬಿ ಸಮುದಾಯಗಳ ಹೆಂಗಸರು ಕೆಂಪು ಚೌಕಳಿಯ ದಪ್ಪ ಹತ್ತಿ ಸೀರೆ ಉಡುತ್ತಿದ್ದರು. ಮೊಣಕಾಲ ತನಕ ಎತ್ತಿ ಕಟ್ಟಿ, ಹೆಗಲ ಮೇಲೆ ಗಂಟು ಹಾಕಿದರೆ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಲು ಸಲೀಸು. ಆ ನೇಯ್ಗೆ ಹೆಚ್ಚುಕಮ್ಮಿ ಸತ್ತೇ ಹೋಗಿತ್ತು. ಕೋಲ್ವಾಳದ ಫ್ಯಾಷನ್ ಡಿಸೈನರ್ ವೆಂಡೆಲ್ ರೊಡ್ರಿಕ್ಸ್ ಸುಮಾರು 2010ರ ಹೊತ್ತಿಗೆ ಅದನ್ನು ಮತ್ತೆ ಮಗ್ಗಕ್ಕೆ ತಂದರು. ಅವರು 2020ರಲ್ಲಿ ತೀರಿಕೊಂಡರು. ಅವರ ಹಳೇ ಮನೆ ಈಗ ‘ಮೋದಾ ಗೋವಾ’ ಮ್ಯೂಸಿಯಂ. ಕುಣಬಿ ಚೌಕಳಿ ಈಗ ಬೂಟಿಕ್‌ನ ಹ್ಯಾಂಗರ್ ಮೇಲೆ ಇದೆ. ಉಳಿದದ್ದಕ್ಕೆ ನನಗೆ ನಿಜವಾಗಿ ಸಂತೋಷ. ಆದರೆ ಆ ಬೆಲೆಗೆ ಗದ್ದೆಗಿಳಿಯುವ ಯಾವ ಹೆಂಗಸೂ ಅದನ್ನು ಕೊಳ್ಳಲಾರಳು. ಅವಳು ಉಟ್ಟಿರುವುದು ಪಾಲಿಯೆಸ್ಟರ್ ನೈಟಿ.

ನಮ್ಮ ಲಂಬಾಣಿ ಹೆಂಗಸರದೂ ಇದೇ ಥರದ ಕಥೆ. ಕನ್ನಡಿ, ಕವಡೆ, ಬಣ್ಣದ ದಾರದ ಕಸೂತಿ ಹೊತ್ತು ಅವರು ದಶಕಗಳಿಂದ ಕಲಂಗುಟ್, ಅಂಜುನಾದ ಮರಳಲ್ಲಿ ನಡೆದಿದ್ದಾರೆ. ಗೋವಾದ ಕಡಲಿನಲ್ಲಿ ಕರಕುಶಲದ ಅಂಗಡಿ ಅಂತ ಮೊದಲು ಇದ್ದದ್ದೇ ಅವರ ಹೆಗಲ ಮೇಲಿನ ಗಂಟು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಇದೆ. ಎಸಿ ಅಂಗಡಿಯಲ್ಲಿ ಅಂಥದ್ದೇ ಕಸೂತಿ ತುಂಡು ಕುಶನ್ ಕವರಿನ ಮೇಲೆ ಕೂತಾಗ ಯಾರೂ ಚೌಕಾಸಿ ಮಾಡುವುದಿಲ್ಲ. ಬಿಸಿಲಲ್ಲಿ ಅವಳು ಕೇಳಿದ ಬೆಲೆಗೆ ಮಾತ್ರ ಅರ್ಧಕ್ಕೆ ಇಳಿಸುತ್ತೇವೆ.

ಜಮೀನು ಬಣ್ಣ ಬದಲಿಸುವುದು

ಹಳೇ ಮನೆಗಳು ಎಷ್ಟಿದ್ದಾವು? ಒಳ್ಳೆಯವೆಲ್ಲ ಖಾಲಿಯಾದ ಮೇಲೆ ಕಣ್ಣು ಗದ್ದೆ, ತೋಟ, ಗುಡ್ಡದ ಮೇಲೆ ಬೀಳುತ್ತದೆ. ಇಲ್ಲಿಂದ ವಿಷಯ ಸ್ವಲ್ಪ ಕಠಿಣ. ಆದರೆ ನಮಗೆ ‘ಎನ್‌ಎ ಮಾಡಿಸೋದು’, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು ಗೊತ್ತಲ್ಲ, ಹಾಗಾಗಿ ಅರ್ಥವಾಗುತ್ತದೆ.

ಗೋವಾಕ್ಕೆ ಒಂದು ರೀಜನಲ್ ಪ್ಲಾನ್ ಇದೆ. ಇಡೀ ರಾಜ್ಯದ ನಕ್ಷೆ. ಯಾವ ತುಂಡು ಜಾಗ ವಸತಿಗೆ, ಯಾವುದು ಗದ್ದೆ, ಯಾವುದು ತೋಟ ಅಂತ ಬಣ್ಣ ಹಾಕಿಟ್ಟಿದ್ದಾರೆ. ವಸತಿಯದಕ್ಕೆ ಅಲ್ಲಿ ‘ಸೆಟ್ಲ್‌ಮೆಂಟ್’ ಅಂತಾರೆ. ಸೆಟ್ಲ್‌ಮೆಂಟ್ ಇದ್ದರೆ ಕಂದಾಯ ಇಲಾಖೆಯಿಂದ ‘ಸನದ್’ ಎಂಬ ಪರವಾನಗಿ ತೆಗೆದುಕೊಂಡು ಕಟ್ಟಬಹುದು. ಒಂದೇ ಜಾಗ ತೋಟದ ಬಣ್ಣದಲ್ಲಿದ್ದಾಗ ಒಂದು ಬೆಲೆ, ಸೆಟ್ಲ್‌ಮೆಂಟ್ ಆದ ಮರುದಿನ ಹಲವು ಪಟ್ಟು. ಹಾಗಾಗಿ ಗೋವಾದ ರಾಜಕೀಯದ ಜಗಳಗಳಲ್ಲಿ ಎಷ್ಟೋ ಈ ನಕ್ಷೆಯ ಸುತ್ತಲೇ ನಡೆಯುತ್ತವೆ. ಜನ ಬೀದಿಗಿಳಿದಿದ್ದಕ್ಕೆ 2007ರಲ್ಲಿ ಒಂದು ಇಡೀ ಪ್ಲಾನ್ ಅನ್ನೇ ಸರ್ಕಾರ ವಾಪಸ್ ತೆಗೆದುಕೊಳ್ಳಬೇಕಾಯಿತು.

2023ರಲ್ಲಿ ನಗರ ಯೋಜನೆ ಕಾಯ್ದೆಗೆ 17(2) ಎಂಬ ಹೊಸ ಕಲಂ ಸೇರಿತು. ಪ್ಲಾನ್‌ನಲ್ಲಿ ‘ಕಣ್ತಪ್ಪಿನಿಂದ’ ಆದ ದೋಷವನ್ನು ಸರ್ವೆ ನಂಬರ್ ಹಿಡಿದು ಒಂದೊಂದಾಗಿ ತಿದ್ದಬಹುದು ಅಂತ. ಕೇಳಲು ಸಣ್ಣ ವಿಷಯ. ಆದರೆ ಇಡೀ ಊರಿನ ನಕ್ಷೆ ಎದುರಿಗಿಟ್ಟುಕೊಂಡು ಯೋಚಿಸುವುದು ಬೇರೆ, ಒಬ್ಬೊಬ್ಬರ ಅರ್ಜಿ ಹಿಡಿದು ತುಂಡು ತುಂಡಾಗಿ ಬಣ್ಣ ಬದಲಿಸುವುದು ಬೇರೆ. ಇದರ ವಿರುದ್ಧ ಜನ ಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಈ ಕಲಂ ಅಡಿಯಲ್ಲಿ ಮಾಡಿದ ನಿಯಮಗಳನ್ನು ಹೊಡೆದುಹಾಕಿತು. ಅಷ್ಟರಲ್ಲಿ ಬಣ್ಣ ಬದಲಿಸಲು 39ಎ ಅಂತ ಇನ್ನೊಂದು ಕಲಂ ಬಂದಾಗಿತ್ತು.

ಬಣ್ಣದ ಜೊತೆ ಬಲಪ್ರಯೋಗವೂ ಬಂತು. 2024ರ ಜೂನ್‌ನಲ್ಲಿ ಆಸಗಾಂವ್‌ನಲ್ಲಿ ಜನ ವಾಸವಿದ್ದ ಮನೆಯನ್ನೇ ಬೌನ್ಸರ್‌ಗಳ ಸಮೇತ ಬಂದು ಯಂತ್ರ ಹಚ್ಚಿ ಒಡೆದರು. ಇಡೀ ರಾಜ್ಯ ಎದ್ದು ಕೂತಿತು. ಆ ಜಾಗದ ಜಗಳ ಏನೇ ಇರಲಿ, ಊರವರಿಗೆ ಅರ್ಥವಾದದ್ದು ಒಂದೇ: ಜಾಗದ ಬೆಲೆ ಇಷ್ಟಾದ ಮೇಲೆ ಬಲ್ಕಾವ್‌ನಲ್ಲಿ ಕೂತವರೂ ಭದ್ರವಲ್ಲ.

ಸಮಾಧಾನಕ್ಕೆ ಯಜಮಾನ ಯಾರು

ಗೋವಾದವರು ‘ಸುಶೆಗಾದ್’ ಅನ್ನುತ್ತಾರೆ. ಪೋರ್ಚುಗೀಸಿನಿಂದ ಬಂದ ಪದ. ಆತುರವಿಲ್ಲದ, ಸಮಾಧಾನದ ಬದುಕು. ಸೋಮಾರಿತನ ಅಂತ ಹೊರಗಿನವರು ತಪ್ಪು ತಿಳಿಯುತ್ತಾರೆ. ಬೆಳಗಿನ ಜಾವ ಎದ್ದು, ಪೊಯಿ ಬ್ರೆಡ್ಡು ಸುಟ್ಟು, ಸೈಕಲ್ಲಿಗೆ ಬುಟ್ಟಿ ಕಟ್ಟಿ, ಪೋಂ ಪೋಂ ಅಂತ ಹಾರ್ನ್ ಒತ್ತುತ್ತ ಊರು ಸುತ್ತುವ ಪೊದೇರ್ ಸೋಮಾರಿಯೇ? ಕೆಲಸ ಮುಗಿಸಿ ಮಧ್ಯಾಹ್ನ ಮಲಗುತ್ತಾನೆ, ಅಷ್ಟೇ.

ಈ ದುಬಾರಿ ಜಾಗಗಳೆಲ್ಲ ಊಟದ ಜೊತೆ ಮಾರುವುದು ಈ ಸಮಾಧಾನವನ್ನೇ. ಅದೇ ಊಟ ದೆಹಲಿಯಲ್ಲೂ ಸಿಗುತ್ತದೆ. ಅಲ್ಲಿ ಸಿಗದ್ದು ತೆಂಗಿನ ನೆರಳು, ಪಕ್ಕದ ಗದ್ದೆ, ಸಂಜೆಯ ಚರ್ಚಿನ ಗಂಟೆ. ಮನೆಗೆ ಯಜಮಾನ ಇದ್ದಾನೆ, ಬಾಡಿಗೆ ಪಡೆಯುತ್ತಾನೆ. ಮೀನಿಗೆ ಯಜಮಾನ ಇದ್ದಾನೆ, ಬೆಲೆ ಹೇಳುತ್ತಾನೆ. ಗದ್ದೆಯ ನೋಟಕ್ಕೆ, ರಾತ್ರಿಯ ಕತ್ತಲೆಗೆ, ಬಾವಿಯ ನೀರಿಗೆ ಇಡೀ ಊರೇ ಯಜಮಾನ. ಊರಿಗೆ ಯಾರೂ ಬಿಲ್ ಕೊಡುವುದಿಲ್ಲ. ಹಾಗಾಗಿ ಪ್ರತಿಯೊಬ್ಬರೂ ಅದನ್ನು ಪುಕ್ಕಟೆ ಬಳಸುತ್ತಾರೆ. ಮೊದಲ ರೆಸ್ಟೋರೆಂಟಿಗೆ ಅದು ಪೂರಾ ಸಿಗುತ್ತದೆ. ಐವತ್ತನೆಯದಕ್ಕೆ ಹಾರ್ನು, ಜನರೇಟರು, ಟ್ಯಾಂಕರು ಉಳಿಯುತ್ತವೆ. ಯಾರೂ ಕೆಟ್ಟವರಾಗಬೇಕಿಲ್ಲ, ಲೆಕ್ಕವೇ ಹಾಗಿದೆ.

ಬಾವಿಯದನ್ನೇ ನೋಡಿ. ಈ ಹಳ್ಳಿಗಳಲ್ಲಿ ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ. ಐದು ಜನರ ಮನೆಗೆ ಅಂತ ತೋಡಿದ ಗುಂಡಿಗೆ ದಿನಕ್ಕೆ ನೂರೈವತ್ತು ಜನರ ನೀರು ಬಂದರೆ ಏನಾಗುತ್ತದೆ? ಮುರಕಲ್ಲಿನ ನೆಲ ಜಾಳು ಜಾಳು. ಮಳೆನೀರನ್ನು ಎಷ್ಟು ಬೇಗ ಬಾವಿಗೆ ಇಳಿಸುತ್ತದೋ ಕೊಳಕನ್ನೂ ಅಷ್ಟೇ ಬೇಗ ಇಳಿಸುತ್ತದೆ.

ಅಥವಾ ಖಾಜನ್ ನೋಡಿ. ಉಬ್ಬರದ ಉಪ್ಪುನೀರನ್ನು ಮಣ್ಣಿನ ಏರಿ ಕಟ್ಟಿ, ಮರದ ಬಾಗಿಲು ಇಟ್ಟು ತಡೆದು, ಒಳಗೆ ಭತ್ತ, ಮೀನು, ಉಪ್ಪು ಬೆಳೆಯುವ ಗದ್ದೆಗಳು. ನಮ್ಮ ಕಾರವಾರ, ಕುಮಟಾ ಕಡೆಯ ಗಜನಿ ಇದ್ದ ಹಾಗೆ. ಊರೆಲ್ಲ ಸೇರಿ ಏರಿ ಕಾಯ್ದರೆ ಮಾತ್ರ ಅದು ಬದುಕುತ್ತದೆ. ಒಬ್ಬ ಮಣ್ಣು ತುಂಬಿ ಪಾರ್ಕಿಂಗ್ ಮಾಡಿದರೆ ಪಕ್ಕದವನ ಗದ್ದೆಯ ನೀರಿನ ದಾರಿ ತಪ್ಪುತ್ತದೆ.

ನಿಯಮಗಳು ಇಲ್ಲ ಅಂತಲ್ಲ. ಪಂಚಾಯ್ತಿಯ ಲೈಸೆನ್ಸ್, ಮಾಲಿನ್ಯ ಮಂಡಳಿ, ಅಬಕಾರಿ, ಅಗ್ನಿಶಾಮಕ, ಎಲ್ಲ ಇವೆ. ಒಂದೊಂದು ಕಾಗದ ಒಂದೊಂದು ಕಚೇರಿಯಲ್ಲಿ. 2025ರ ಡಿಸೆಂಬರ್‌ನಲ್ಲಿ ಅರ್ಪೋರಾದ ನೈಟ್‌ಕ್ಲಬ್ ಒಂದರಲ್ಲಿ ಬೆಂಕಿ ಬಿದ್ದು 25 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಗಿರಾಕಿಗಳಲ್ಲ, ಅಲ್ಲಿ ಕೆಲಸಕ್ಕಿದ್ದವರು. ಹೊಟ್ಟೆಪಾಡಿಗೆ ದೂರದ ಊರಿಂದ ಬಂದವರು. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ.

ಇದಕ್ಕೆ ಬೇರೆ ದಾರಿಯೂ ಇದೆ. ದಕ್ಷಿಣ ಗೋವಾದ ಬೆನಾವ್ಲಿಂನಲ್ಲಿ ಬಾಣಸಿಗ ಅವಿನಾಶ್ ಮಾರ್ಟಿನ್ಸ್ ನಡೆಸುವ ‘ಕವಾತಿನಾ’ ರೆಸ್ಟೋರೆಂಟ್ ಸುತ್ತಲಿನ ರೈತರ, ಮೀನುಗಾರರ ಸಾಮಾನನ್ನೇ ತಟ್ಟೆಗೆ ತರುತ್ತದೆ. ಅದೂ ದುಬಾರಿಯೇ. ಆದರೆ ಸಾಮಾನಿಗೆ ಕೊಟ್ಟ ದುಡ್ಡು ಊರಲ್ಲೇ ಉಳಿಯುತ್ತದೆ. ಸರ್ಕಾರವೂ 2023ರಲ್ಲಿ ಬೀಚ್ ಶ್ಯಾಕ್‌ಗಳ ಮೆನುವಿನಲ್ಲಿ ಗೋವಾದ ಮೀನು ಸಾರು ಅನ್ನ ಇರಲೇಬೇಕು ಅಂತ ನಿಯಮ ಮಾಡಿತು. ಗೋವಾದಲ್ಲಿ ಮೀನು ಸಾರು ಅನ್ನಕ್ಕೆ ಸರ್ಕಾರಿ ಆದೇಶ ಬೇಕಾಯಿತು ಅಂದರೆ ನೀವೇ ಯೋಚಿಸಿ.

ಹಿಂಬಾಗಿಲಲ್ಲಿ ಕನ್ನಡ

ಆಸಗಾಂವ್‌ನಲ್ಲಿ ಒಮ್ಮೆ ಊಟ ಮುಗಿಸಿ ಹಿಂದಿನ ದಾರಿಯಿಂದ ಹೊರಟಿದ್ದೆ. ಅಡುಗೆಮನೆಯ ಹಿಂಬಾಗಿಲ ಹತ್ತಿರ ಒಬ್ಬ ಹುಡುಗ ಪಾತ್ರೆ ತೊಳೆಯುತ್ತ ಫೋನಲ್ಲಿ ಮಾತಾಡುತ್ತಿದ್ದ. “ಯವ್ವಾ, ಮಳಿ ಆತೇನು? ಹೊಲ ಹದಾ ಬಂದೈತೇನು?” ನಾನು ಕನ್ನಡದಲ್ಲಿ ಯಾವೂರಪ್ಪಾ ಅಂತ ಕೇಳಿದೆ. ಕೈ ಒರೆಸಿಕೊಂಡು ನಕ್ಕ. “ಗದಗ ಕಡೆ ರೀ ಅಕ್ಕಾರ. ನೀವೂ ನಮ್ಮ ಕಡೆಯವ್ರ ಏನ್ರಿ?” ಮೆನುವಿನಲ್ಲಿದ್ದ ಊಟ ತಿಂದಿದ್ದೀಯಾ ಅಂದೆ. “ಎಲ್ಲಾರೂ ಉಂಡ ಮ್ಯಾಲೆ ನಾವು ಅನ್ನಾ ಸಾರು ಮಾಡ್ಕೊಂಡು ಉಣ್ತೀವ್ರಿ. ಅದೂ ಚಲೋ ಇರ್ತೈತ್ರಿ.”

2011ರ ಜನಗಣತಿಯಲ್ಲಿ ಗೋವಾದ ಶೇ. 4.6ರಷ್ಟು ಜನ ತಮ್ಮ ಮಾತೃಭಾಷೆ ಕನ್ನಡ ಅಂತ ಬರೆಸಿದ್ದರು. ಕೊಂಕಣಿ, ಮರಾಠಿ, ಹಿಂದಿ ಬಿಟ್ಟರೆ ನಂತರದ್ದು ನಮ್ಮದೇ. ಹಳೇ ಮನೆಯ ಗಾರೆ ಮೆತ್ತುವವರಲ್ಲಿ, ಪಾತ್ರೆ ತೊಳೆಯುವವರಲ್ಲಿ, ತೋಟಕ್ಕೆ ನೀರು ಬಿಡುವವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಯವರು ತುಂಬ ಸಿಗುತ್ತಾರೆ. ಬೆಳಗಾವಿಯ ತರಕಾರಿ ಚೋರ್ಲಾ ಘಾಟು ಇಳಿದು ಬರುತ್ತದೆ. ಕಾರವಾರದ ಮೀನು ಗಡಿ ದಾಟಿ ಹೋಗುತ್ತದೆ. 2018ರಲ್ಲಿ ಮೀನು ಕೆಡದಂತೆ ಫಾರ್ಮಾಲಿನ್ ಎಂಬ ರಾಸಾಯನಿಕ ಹಾಕುತ್ತಾರೆ ಅಂತ ಗಲಾಟೆ ಎದ್ದು ಗೋವಾ ಹೊರಗಿನ ಮೀನು ತಡೆದಾಗ ನಮ್ಮೂರಿನ ಮೀನು ಲಾರಿಗಳು ಗಡಿಯಲ್ಲಿ ನಿಂತಿದ್ದು ನನಗೆ ನೆನಪಿದೆ.

ಘಟ್ಟದ ಮೇಲಿನಿಂದ ಬಂದ ಕೂಲಿಯವರಿಗೆ ಅಲ್ಲಿ ‘ಘಾಂಟಿ’ ಅನ್ನುತ್ತಾರೆ. ಅದು ಪ್ರೀತಿಯ ಮಾತಲ್ಲ. ಆದರೆ ಸಿಟ್ಟಿನ ಮೂಲ ನನಗೆ ಅರ್ಥವಾಗುತ್ತದೆ. ತನ್ನ ಊರಲ್ಲೇ ಬಾಡಿಗೆ ಮನೆ ಸಿಗದ ಗೋವಾದ ಹುಡುಗ ಮೊದಲು ಬೈಯುವುದು ಕಣ್ಣಿಗೆ ಬಿದ್ದವನನ್ನು. ಬಂಡವಾಳ ಹಾಕಿದವನು ಅವನಿಗೆ ಕಾಣುವುದೇ ಇಲ್ಲ. ಗದಗದ ಹುಡುಗನಿಗೂ ಆ ಊರಲ್ಲಿ ಬಾಡಿಗೆ ಕಟ್ಟಲು ಆಗುವುದಿಲ್ಲ. ಅವನು ಮಾಪುಸಾ ಹತ್ತಿರ ಒಂದು ರೂಮಿನಲ್ಲಿ ಆರು ಜನರ ಜೊತೆ ಇದ್ದಾನೆ.

ನಮ್ಮ ಗೋಕರ್ಣದಲ್ಲೂ ಇದರ ಮೊದಲ ಹೆಜ್ಜೆಗಳು ಕಾಣುತ್ತಿವೆ. ಅಲ್ಲಿ ಜಾಗ ಕೇಳಿಕೊಂಡು ಬರುವವರ ಕಾರುಗಳ ನಂಬರ್ ಪ್ಲೇಟ್ ನೋಡಿದರೆ ಗೊತ್ತಾಗುತ್ತದೆ. ಗಜನಿಯ ಏರಿ ಕಾಯುವವರು ಅಲ್ಲಿ ಈಗಲೂ ಇದ್ದಾರೆ.

ಜೂನ್ ಮೊದಲ ವಾರ ಆಸಗಾಂವ್‌ಗೆ ಹೋದರೆ ಬೇರೆಯೇ ಊರು. ಎಷ್ಟೋ ಬಾಗಿಲುಗಳಿಗೆ ‘ಮಳೆಗಾಲಕ್ಕೆ ರಜೆ’ ಎಂಬ ಚೀಟಿ. ಚಿಪ್ಪಿನ ಕಿಟಕಿಗೆ ನೀಲಿ ತಾಡಪಾಲು ಕಟ್ಟಿರುತ್ತಾರೆ. ರಸ್ತೆ ಖಾಲಿ, ಕಪ್ಪೆಗಳ ಕೂಗು, ಪೊದೇರ್‌ನ ಹಾರ್ನ್ ಎರಡು ಕೇರಿ ಆಚೆಗೆ ಕೇಳಿಸುತ್ತದೆ. ಅದೇ ಹೊತ್ತಿಗೆ ಮಾಪುಸಾ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಜನವೋ ಜನ. ಬ್ಯಾಗು, ಚಾಪೆ, ಒಬ್ಬನ ಕೈಯಲ್ಲಿ ಮಿಕ್ಸರ್ ಡಬ್ಬಿ. ಊರಲ್ಲಿ ಹೆಸರುಕಾಳು ಬಿತ್ತಬೇಕು. ಅಕ್ಟೋಬರ್‌ಗೆ ತಿರುಗಿ ಬರುತ್ತಾರೆ.